ಪೆರೇಸಂದ್ರಕ್ಕೆ ಪೆಟ್ರೋಲ್ ಬೇಡ

ನಮ್ಮ ಯಜಮಾನರು ಕಾರು ಕೊಳ್ಳುತ್ತೇನೆಂದಾಗ ನಾನು ನಕ್ಕಿದ್ದೆ. ಶಿಡ್ಲಘಟ್ಟದಲ್ಲಿ ನಮ್ಮದು ರೇಷ್ಮೆ ನೂಲು ತೆಗೆಯುವ ಕಸುಬು. ಬೆಳಿಗ್ಗೆ ಮಾರುಕಟ್ಟೆಯಲ್ಲಿ ಹರಾಜು ಕೂಗಿ ಗೂಡು ತರಬೇಕು, ಬೇಯಿಸಬೇಕು, ಎಳೆ ತೆಗೆಯಬೇಕು. ಎಷ್ಟು ಸೋಪು ಹಾಕಿದರೂ ಕೈಯಿಂದ ಬೆಂದ ಹುಳುವಿನ ವಾಸನೆ ಹೋಗುವುದಿಲ್ಲ. ಅವರ ಹೆಸರು ಬಷೀರ್ ಅಹಮದ್. ವಯಸ್ಸು ನಲವತ್ತು ದಾಟಿತ್ತು. ಇಳಿಜಾರು ಬಂದರೆ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋಗುವ ಪುಕ್ಕಲು ಆಸಾಮಿ. ಅಂಥವರಿಗೆ ಕಾರಿನ ಚಪಲ!

ತಂದದ್ದಾದರೂ ಎಂಥ ಕಾರು? ಕೆಂಪಗಿನದು, ಚೋಟುದ್ದದ್ದು. ಹಿಂದೆ ಡಿಕ್ಕಿಯೇ ಇಲ್ಲ, ಸೀಟಿನ ಬೆನ್ನಿಗೇ ಬಾಗಿಲು. ಅಗಲ ಟೈರು, ನೆತ್ತಿಯ ಮೇಲೆ ರೆಕ್ಕೆಯಂಥ ಒಂದು ಪಟ್ಟಿ, ಸ್ಟಾರ್ಟ್ ಮಾಡಿದರೆ ಬೀದಿಯ ನಾಯಿಗಳೆಲ್ಲ ಏಳುವಂಥ ಸೈಲೆನ್ಸರ್. ಬೆಂಗಳೂರಿನ ಕಾಲೇಜು ಹುಡುಗರು ಕಿಟಕಿಗೆ ಮೊಣಕೈ ಒರಗಿಸಿಕೊಂಡು ಓಡಿಸುತ್ತಾರಲ್ಲ, ಅದೇ ಜಾತಿ. ಚಿಕ್ಕಬಳ್ಳಾಪುರದ ಬ್ರೋಕರನೊಬ್ಬ ತನ್ನ ಅಂಗಡಿ ಮುಂದೆಯೇ ವ್ಯಾಪಾರ ಕುದುರಿಸಿದ್ದ. "ಒಂದೇ ಕೈ ಓಡಿಸಿರೋ ಗಾಡಿ ಸಾಹೇಬ್ರೇ, ಕಣ್ಮುಚ್ಕೊಂಡ್ ತಗೊಳ್ಳಿ" ಎಂದನಂತೆ. ಇವರು ಕಣ್ಣು ಮುಚ್ಚಿಕೊಂಡೇ ತಂದರು.

ಅದು ತೊಂಬತ್ತಾರನೇ ಇಸವಿ. ನಮ್ಮ ಬೀದಿಗೆ ಕಾರು ಬಂದರೆ ಜನ ಬಣ್ಣ ಕೇಳುವುದಿಲ್ಲ, ಬೆಲೆ ಕೇಳುವುದಿಲ್ಲ. ಲೀಟರಿಗೆ ಎಷ್ಟು ಕೊಡುತ್ತೆ ಎಂದು ಕೇಳುತ್ತಾರೆ. ಇವರ ಉತ್ತರ ಮಾತ್ರ ದಿನಕ್ಕೊಂದು. ಚಿಂತಾಮಣಿಗೆ ಹೋದರೆ ಮದುವೆ ಮನೆಗೆ ಬಂದ ಬೀಗರಂತೆ ಕುಡಿಯುತ್ತಿತ್ತು, ದಾರಿಯಲ್ಲಿ ಎರಡು ಸಲ ಕಾದು ನಿಲ್ಲುತ್ತಿತ್ತು. ಬೆಂಗಳೂರಿನ ಕಡೆಗಂತೂ ನಂದಿ ದಾಟುವುದೇ ಕಷ್ಟ. ಆದರೆ ಚಿಕ್ಕಬಳ್ಳಾಪುರದ ಹೆದ್ದಾರಿಯಲ್ಲಿ ಬಲಕ್ಕೆ ತಿರುಗಿ ಪೆರೇಸಂದ್ರದ ಕಡೆ ಹೊರಟರೆ ಪೆಟ್ರೋಲಿನ ಮುಳ್ಳು ಕದಲುತ್ತಲೇ ಇರಲಿಲ್ಲ.

"ಪೆರೇಸಂದ್ರದಲ್ಲಿ ನಿಮಗೇನು ಕೆಲಸ?" ಎಂದೆ.

"ಸುಮ್ನೆ ಒಂದ್ ರೌಂಡು" ಎಂದರು. ನಮ್ಮ ಮನೆಮಾತು ಉರ್ದು. ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

ಬರುವಾಗ ಎಷ್ಟು ಕುಡಿಯಿತು ಎಂದರೆ ಮಾತು ಬದಲಾಯಿಸುತ್ತಿದ್ದರು. ಗಂಡಸರು ಲೆಕ್ಕ ಹೇಳುವಾಗ ಹೋದ ದಾರಿಯನ್ನಷ್ಟೇ ಹೇಳುತ್ತಾರೆ.

ಮೆಕ್ಯಾನಿಕ್ ಜಿಯಾವುಲ್ಲಾ ಪ್ಲಗ್ಗು ಬಿಚ್ಚಿದ, ಕಾರ್ಬುರೇಟರ್ ತೊಳೆದ, ಸ್ಟೇರಿಂಗು ಬಲಕ್ಕೆ ಎಳೆಯುತ್ತದೆಂದು ಚಕ್ರಗಳನ್ನೂ ಸರಿಮಾಡಿದ. "ಗಾಡೀಲಿ ಒಂದ್ ಐಬು ಇಲ್ಲ ಭಾಭಿ. ಯಾರೋ ಪ್ರಾಣ ಇಟ್ಕೊಂಡು ಸಾಕಿದಾರೆ" ಎಂದ. ಆಮೇಲೆ ನಗುತ್ತಾ, "ಮನೆ ಕಡೆ ಮುಖ ಮಾಡಿದ ಎತ್ತಿಗೆ ಬಾರುಕೋಲು ಬೇಡ ಅಂತಾರಲ್ಲ, ಹಂಗೆ" ಎಂದ. ನನಗೆ ನಗು ಬರಲಿಲ್ಲ.

ಯಾಕೆಂದರೆ ಅಷ್ಟರಲ್ಲಿ ಐಬು ಕಾರಿನಲ್ಲಿಲ್ಲ, ನಮ್ಮವರಲ್ಲಿದೆ ಎಂದು ನನಗೆ ಗೊತ್ತಾಗಿತ್ತು. ಮಧ್ಯಾಹ್ನ ಹೋದವರು ಸಂಜೆ ಬಂದು ಹಸಿವಿಲ್ಲ ಎನ್ನುತ್ತಿದ್ದರು. ಅಂಗಿಯಿಂದ ಹುರುಳಿ ಸಾರಿನ ವಾಸನೆ. ಯಾವಳೋ ಇದ್ದಾಳೆಂದುಕೊಂಡೆ, ಸುಳ್ಳೇಕೆ ಹೇಳಲಿ. ಆದರೆ ಇನ್ನೊಬ್ಬಳನ್ನು ಇಟ್ಟುಕೊಂಡ ಗಂಡಸು ಕನ್ನಡಿ ನೋಡುತ್ತಾನೆ, ಹೆಂಡತಿಯ ಮುಖ ತಪ್ಪಿಸುತ್ತಾನೆ. ಇವರು ಹಾಗೇನೂ ಮಾಡಲಿಲ್ಲ. ನನ್ನನ್ನು ನೇರವಾಗಿ ನೋಡುತ್ತಿದ್ದರು, ಬಸ್‌ಸ್ಟ್ಯಾಂಡಿನಲ್ಲಿ ಪಕ್ಕ ಕೂತವರನ್ನು ನೋಡುವ ಹಾಗೆ. ಇಳಿಜಾರಿಗೆ ಹೆದರುತ್ತಿದ್ದ ಮನುಷ್ಯ ತಿರುವಿನಲ್ಲೂ ಬ್ರೇಕು ತುಳಿಯುತ್ತಿರಲಿಲ್ಲ. ಕಿಟಕಿಗೆ ಮೊಣಕೈ, ಸ್ಟೇರಿಂಗಿನ ಮೇಲೆ ಬೆರಳಿನ ತಾಳ. ಉರ್ದುವಿನಲ್ಲಿ ಕೇಳಿದರೆ ತೆಲುಗಿನಲ್ಲಿ ಉತ್ತರ. ಗೂಡಿನ ಮಾರುಕಟ್ಟೆಯಲ್ಲಿ ಎಲ್ಲರಿಗೂ ತೆಲುಗು ಬರುತ್ತದೆ, ಆದರೆ ಅದು ವ್ಯಾಪಾರದ ತೆಲುಗು. ಇದು ಅಮ್ಮನ ಸೆರಗು ಹಿಡಿದು ಕಲಿತ ತೆಲುಗು.

ಒಂದು ಗುರುವಾರ ಬೆಳಿಗ್ಗೆ ಚಾ ಕೊಡಲು ಹೋದೆ. ಲೋಟ ತೆಗೆದುಕೊಂಡು, ಬಹಳ ಮರ್ಯಾದೆಯಿಂದ ಕೇಳಿದರು: "ಮೀರು ಎವರಿಂಟೋಳ್ಳಮ್ಮಾ?"

ನೀವು ಯಾರ ಮನೆಯವರಮ್ಮಾ ಎಂದು. ಹದಿನೇಳು ವರ್ಷ ಸಂಸಾರ ಮಾಡಿದ ಹೆಂಡತಿಯನ್ನು.

ಅಳುವುದಕ್ಕೆ ಪುರುಸೊತ್ತಿರಲಿಲ್ಲ. ಮುರುಗಮಲ್ಲದ ದರ್ಗಾಕ್ಕೆ ಹೋಗೋಣ ನಡೀರಿ ಎಂದು ಎಬ್ಬಿಸಿದೆ. ಬಸ್ಸು ಹತ್ತಲು ಒಪ್ಪಲಿಲ್ಲ, ಕಾರಾದರೆ ಸರಿ ಎಂದರು. ಟ್ಯಾಂಕು ತುಂಬಿಸಿ ಚಿಂತಾಮಣಿ ದಾರಿ ಹಿಡಿದೆವು. ಊರು ದಾಟಿ ಮೊದಲನೇ ಹಿಪ್ಪುನೇರಳೆ ತೋಟ ಬರುವಷ್ಟರಲ್ಲಿ ಕಾರು ನಿಂತಿತು. ಮುಳ್ಳು ತಳ ಮುಟ್ಟಿತ್ತು. ಈಗತಾನೇ ತುಂಬಿಸಿದ ಟ್ಯಾಂಕು! ಕೆಳಗೆ ಬಗ್ಗಿ ನೋಡಿದೆ, ಒಂದು ತೊಟ್ಟೂ ಸೋರಿರಲಿಲ್ಲ. ದಾರಿಹೋಕರಿಬ್ಬರ ಕೈಲಿ ಹಿಂದುಮುಂದು ತಿರುಗಿಸಿದ್ದೇ ತಡ, ಕೀಲಿಗೆ ಕೈ ಹೋಗುವ ಮೊದಲೇ ಎಂಜಿನ್ ಗುರ್ರ್ ಎಂದಿತು. ಮುಳ್ಳು ಮೆಲ್ಲಗೆ ಮೇಲೆದ್ದು ಮೊದಲಿದ್ದ ಕಡೆ ನಿಂತಿತು.

ದಾರಿಹೋಕರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ದೂರ ಸರಿದರು. ನಾನು ಒಳಗೆ ಕೂತು ಬಾಗಿಲು ಎಳೆದುಕೊಂಡೆ. "ಅದು ಎಲ್ಲಿಗೆ ಹೋಗ್ಬೇಕು ಅಂತಿದೆಯೋ ಅಲ್ಲಿಗೇ ಬಿಡಿ. ನಾನೂ ನೋಡ್ತೀನಿ" ಎಂದೆ. ಹೆದರಿಕೆ ಮಿತಿ ಮೀರಿದರೆ ನನಗೆ ಸಿಟ್ಟು ಬರುತ್ತದೆ.

ಚಿಕ್ಕಬಳ್ಳಾಪುರದ ಹೆದ್ದಾರಿ ಬಂದಾಗ ಅವರ ಕೈಗಳನ್ನೇ ನೋಡುತ್ತಿದ್ದೆ. ಎರಡೂ ಕೈ ತೊಡೆಯ ಮೇಲಿದ್ದವು. ಸ್ಟೇರಿಂಗು ತಾನಾಗಿ ಬಲಕ್ಕೆ ತಿರುಗಿತು. ಎದುರಿನಿಂದ ಬರುತ್ತಿದ್ದ ಲಾರಿಗೆ ದಾರಿ ಬಿಟ್ಟು, ಮತ್ತೆ ಮಧ್ಯಕ್ಕೆ ಬಂತು. ಇವರು ಕಿಟಕಿಯಾಚೆ ನೋಡುತ್ತಾ ನಗುತ್ತಿದ್ದರು. ನಾನು ದೇವರ ಹೆಸರು ಹೇಳುತ್ತಾ ಸೀಟಿನ ಅಂಚು ಹಿಡಿದು ಕೂತೆ.

ಪೆರೇಸಂದ್ರದ ಅಂಗಡಿಸಾಲು ದಾಟಿ ಒಂದು ಮಣ್ಣಿನ ಏರು ಹತ್ತಿ ಕಾರು ಒಂದು ಮನೆಯ ಅಂಗಳದಲ್ಲಿ ನಿಂತಿತು. ಕಣ್ಣು ಕುಕ್ಕುವ ಬಿಸಿಲು. ಹುಣಸೆಮರದ ಕೆಳಗೆ ಕಾರಿನಷ್ಟೇ ಅಗಲದ ಜಾಗ ಗುಡಿಸಿ ನೀರು ಚಿಮುಕಿಸಿತ್ತು. ಕಟ್ಟಿಹಾಕಿದ್ದ ನಾಯಿ ಬೊಗಳದೆ ಬಾಲ ಅಲ್ಲಾಡಿಸಿತು. ನಮ್ಮವರು ಇಳಿದು, ನೋಡದೆಯೇ ಕಂಬದ ಹಿಂದಿನ ತೊಟ್ಟಿಗೆ ಕೈ ಹಾಕಿ ಚೊಂಬು ತೆಗೆದು ಕಾಲು ತೊಳೆದರು. ಪಡಸಾಲೆಯಲ್ಲಿ ತಟ್ಟೆ ಹಾಕಿತ್ತು. ಮುದ್ದೆಯಿಂದ ಹಬೆ ಏಳುತ್ತಿತ್ತು, ನಾವು ಬರುವ ಗಳಿಗೆ ನೋಡಿಕೊಂಡೇ ಕಟ್ಟಿದ ಹಾಗೆ.

ಒಳಗಿನಿಂದ ಐವತ್ತೈದರ ಆಸುಪಾಸಿನ ಹೆಂಗಸೊಬ್ಬಳು ಸಾರಿನ ಪಾತ್ರೆ ಹಿಡಿದು ಬಂದಳು. "ಬಾಪ್ಪ ಬಯ್ಯಪ್ಪ, ಆರೋಗ್ತದೆ."

"ವಸ್ತಾನಮ್ಮಾ" ಎಂದರು ನನ್ನ ಗಂಡ, ಬಂದೆನಮ್ಮಾ ಎಂದು.

ನಾನು ಕರೆದೆ. ನಾನು ಅವರ ಹೆಸರು ಹಿಡಿದು ಕರೆಯುವವಳಲ್ಲ. ಆ ದಿನ ಹೆಸರು ಹಿಡಿದೇ ಕೂಗಿದೆ. ಅಂಗಳದ ಕೋಳಿಗಳು ಚದುರಿದವು. ಅವರು ಮಾತ್ರ ತಿರುಗಲಿಲ್ಲ. ತಟ್ಟೆಯ ಮುಂದೆ ಕೂತು ಮುದ್ದೆ ಮುರಿದರು.

ಆ ಹೆಂಗಸು ನನ್ನನ್ನು ದಿಟ್ಟಿಸಿದಳು. "ಯಾರಮ್ಮ ನೀನು?"

"ಅವರ ಹೆಂಡತಿ."

"ಅವನಿಗಿನ್ನೂ ಮದ್ವೆ ಆಗಿರ್ಲಿಲ್ಲವಲ್ಲ" ಎಂದಳು, ತನ್ನಷ್ಟಕ್ಕೇ.

"ಅವರು ನಿಮ್ಮ ಮಗ ಅಲ್ಲ! ಶಿಡ್ಲಘಟ್ಟದ ಬಷೀರ್ ಅಹಮದ್. ಗೂಡು ಬೇಯಿಸ್ತಾರೆ. ಅವರ ಕೈ ಮೂಸಿ ನೋಡಿ ಬೇಕಾದ್ರೆ."

"ಗೊತ್ತಮ್ಮ. ನಂಗೇನು ಹುಚ್ಚು ಹಿಡಿದಿಲ್ಲ" ಎಂದು ಆಕೆ ಕಂಬಕ್ಕೊರಗಿ ಕೂತಳು. ಓಬಳಮ್ಮ ಅಂತ ಹೆಸರು. ಗಂಡ ನಲ್ಲಪ್ಪ ಗೌರಿಬಿದನೂರಿಗೆ ಮಗಳ ಮನೆಗೆ ಹೋಗಿದ್ದರಂತೆ. ಕೇಳದೆಯೇ ಎಲ್ಲ ಹೇಳಿದಳು.

"ಈ ಕಾರು ನನ್ ಮಗ ಬಯ್ಯಪ್ಪಂದು. ಇಪ್ಪತ್ನಾಲ್ಕು ವರ್ಷಕ್ಕೇ ಅವನಿಗೆ ಕಾಮಾಲೆ ಆಯ್ತು. ಬೆಂಗಳೂರು ಆಸ್ಪತ್ರೆಗೆ ಅಂತ ತಾನೇ ಓಡಿಸ್ಕೊಂಡು ಹೋದ. ಹೊರಟಾಗ, ಪೋಯಿ ರಾ ನಾಯನಾ ಅಂದೆ. ಹೋಗಿ ಬಾಪ್ಪ ಅಂತ. ಎಲ್ರೂ ಅನ್ನೋದೇ ಅಲ್ವಾ? ಅವನು ಬರ್ಲಿಲ್ಲ. ಕಾರನ್ನ ಅವನ ಸ್ನೇಹಿತರು ತಂದು ಬಿಟ್ರು. ಆಮೇಲೆ ನಮ್ಮೋರು ಕಾರು ನೋಡಿದ್ರೆ ಹೊಟ್ಟೆ ಉರೀತದೆ ಅಂತ ಬ್ರೋಕರಿಗೆ ಒಪ್ಪಿಸಿದ್ರು. ಅವನು ಸ್ಟಾರ್ಟ್ ಮಾಡ್ದ. ಆ ಸದ್ದು ಕೇಳಿ ಒಳಗಿಂದ ಓಡಿ ಬಂದೆ. ಬಾನೆಟ್ ಸವರಿ, ಪೋಯಿ ರಾ ನಾಯನಾ ಅಂದ್ಬಿಟ್ಟೆ. ಮಾರಿದ ವಸ್ತೂಗೆ ಯಾರಾದ್ರೂ ಹೋಗಿ ಬಾ ಅಂತಾರಾ? ಹಸು ಮಾರಿದ್ರೂ ಅನ್ನಲ್ಲ. ನಾನಂದೆ. ಮಗ ಬರ್ಲಿಲ್ಲ, ಕಾರು ಬಂತು. ಅದರೊಳಗೆ ಇವ್ರಿದ್ರು."

"ವಾಪಸ್ ಕಳಿಸ್ಬೇಕಿತ್ತು!"

"ಮೊದಲನೇ ಸಲ, ಪಾಪ ದಾರಿ ತಪ್ಪಿದಾರೆ ಅಂತ ಊಟಕ್ಕಿಕ್ಕಿ ಕಳಿಸ್ದೆ. ಎರಡನೇ ಸಲ ಕಾಲು ತೊಳ್ಯೋದು ನೋಡ್ದೆ. ಅವನೇ. ಆಮೇಲೆ ಪ್ರತಿಸಲಾನೂ ಹೊರಡೋವಾಗ ಪೋಯಿ ರಾ ಅಂದೆ." ಆಕೆ ಅವರ ತಟ್ಟೆಯತ್ತ ನೋಡಿದಳು. "ಬೇಕೂಂತ್ಲೇ ಅಂದೆ ಕಣಮ್ಮ."

ನನಗೆ ಅವಳ ಜುಟ್ಟು ಹಿಡಿಯುವಷ್ಟು ಕೋಪ ಬಂತು. ಅದೇ ಗಳಿಗೆಯಲ್ಲಿ ನಮ್ಮವರು ತಟ್ಟೆಯಿಂದ ತಲೆಯೆತ್ತಿ ಅವಳತ್ತ ನೋಡಿ ನಕ್ಕರು. ಇಪ್ಪತ್ತನಾಲ್ಕರ ಹುಡುಗನ ನಗೆ, ನನ್ನ ಗಂಡನ ನರೆಗಡ್ಡದಲ್ಲಿ. ನನ್ನ ಕೋಪವೆಲ್ಲ ಇಳಿದುಹೋಗಿ ಬರೀ ಭಯ ಉಳಿಯಿತು.

"ಅಮ್ಮಾ, ಒಂದೇ ಒಂದ್ಸಲ ಬರೀ ಹೋಗು ಅನ್ನಿ. ಬಾ ಅನ್ಬೇಡಿ."

"ಹೆತ್ತ ಬಾಯಲ್ಲಿ ಅದನ್ನ ಹೇಳಿಸ್ತೀಯಾ?"

"ಹೇಳಿಸ್ತೀನಿ" ಎಂದೆ. "ನಿಮ್ಮ ಮಗನ್ನ ದೇವರು ಕರ್ಕೊಂಡ. ನನ್ನ ಗಂಡನ್ನ ನೀವು ಕರ್ಕೊಳ್ತಿದೀರಿ. ನಾನು ಯಾರ ಹತ್ರ ಹೋಗಿ ಕೇಳ್ಲಿ?"

ಓಬಳಮ್ಮ ಎದ್ದು ಒಳಗೆ ಹೋಗಿ ತುಪ್ಪದ ಗಿಂಡಿ ತಂದಳು. ಮುದ್ದೆಯ ಮೇಲೆ ತುಪ್ಪ ಸುರಿದು, ಇನ್ನೊಂದು ಸೌಟು ಸಾರು ಬಡಿಸಿದಳು. "ಉಣ್ಲಿ. ಉಂಡ್ಮೇಲೆ" ಎಂದಳು ನನ್ನತ್ತ ನೋಡದೆ. ಅವರು ತಟ್ಟೆ ಬಳಿದು ಉಣ್ಣುವವರೆಗೂ ಎದುರು ಕುಕ್ಕರಗಾಲಲ್ಲಿ ಕೂತು ನೋಡಿದಳು. ಆ ಊಟವನ್ನು ತಡೆಯುವಷ್ಟು ಕಟುಕಳಲ್ಲ ನಾನು.

ಕೈ ತೊಳೆದು ಅವರು ಕಾರಿನಲ್ಲಿ ಕೂತರು. ಎಂಜಿನ್ ತಾನಾಗಿ ಗುರ್ರ್ ಎಂದಿತು. ಓಬಳಮ್ಮ ಬಾನೆಟ್ಟಿನ ಮೇಲೆ ಅಂಗೈ ಊರಿದಳು. ಕಾದ ತಗಡು ಚುರುಗುಟ್ಟಿರಬೇಕು, ಕೈ ತೆಗೆಯಲಿಲ್ಲ.

"ಪೋ ನಾಯನಾ" ಎಂದಳು.

ಮುಂದಿನ ಮಾತು ತುಟಿಗೆ ಬಂತು. ನಾನು ನೋಡಿದೆ. ಆಕೆ ಸೆರಗನ್ನು ಬಾಯಿಗೆ ತುರುಕಿ ಅದನ್ನು ಕಚ್ಚಿ ಹಿಡಿದಳು. ಎಂಜಿನ್ನು ಕಾಯುತ್ತಿತ್ತು. ಅಷ್ಟು ಹೊತ್ತೂ ಒಂದು ಎಲೆ ಅಲ್ಲಾಡಲಿಲ್ಲ. ಆಮೇಲೆ ಎಂಜಿನ್ನು ಒಂದು ನಿಟ್ಟುಸಿರು ಬಿಟ್ಟು ನಿಂತುಹೋಯಿತು, ನಾಯಿ ಆಕಾಶಕ್ಕೆ ಮುಖವೆತ್ತಿ ಊಳಿಟ್ಟಿತು. ಪೆಟ್ರೋಲಿನ ಮುಳ್ಳು ನನ್ನ ಕಣ್ಣೆದುರೇ ಇಳಿದು ತಳ ಸೇರಿತು.

ಸ್ಟೇರಿಂಗಿಗೆ ತಲೆಯಾನಿಸಿದ್ದ ನಮ್ಮವರು ನಿಧಾನವಾಗಿ ಮುಖವೆತ್ತಿದರು. ನನ್ನನ್ನು ಹುಡುಕಿದರು. "ಗುಲ್ಷನ್, ಪ್ಯಾಸ್ ಲಗ್ರಿ ಗೆ" ಎಂದರು. ಬಾಯಾರಿಕೆಯಂತೆ. ಉರ್ದುವಿನಲ್ಲಿ, ನನ್ನ ಹೆಸರು ಹಿಡಿದು! ನಾನು ಆ ಅಂಗಳದಲ್ಲೇ ನಿಂತು ಮಗುವಿನಂತೆ ಅತ್ತುಬಿಟ್ಟೆ. ನೀರು ತಂದುಕೊಟ್ಟವಳು ಓಬಳಮ್ಮ. ಅವರು ಕುಡಿದು, "ಯಾರ ಮನೆಯಮ್ಮ ಇದು? ನಾವ್ಯಾಕೆ ಇಲ್ಲಿಗೆ ಬಂದ್ವಿ?" ಎಂದು ಅವಳನ್ನೇ ಕೇಳಿದರು.

"ದಾರಿ ತಪ್ಪಿದ್ರಿ ಸಾಹೇಬ್ರೇ" ಎಂದಳು ಆಕೆ.

ಕಾರು ಹೊರಡಲಿಲ್ಲ. ಟ್ಯಾಂಕಿನಲ್ಲಿ ಪೆಟ್ರೋಲಿನ ವಾಸನೆಯೂ ಉಳಿದಿರಲಿಲ್ಲ. ಏರಿನ ತುದಿಯವರೆಗೆ ತಳ್ಳಿದರೆ ಹೆದ್ದಾರಿಯ ಬಂಕಿನವರೆಗೆ ತಾನೇ ಉರುಳುತ್ತದೆ. ಅವರು ಸ್ಟೇರಿಂಗು ಹಿಡಿದರು, ಎಂದಿನ ಪುಕ್ಕಲಿನಲ್ಲಿ ಎರಡೂ ಕೈಯಿಂದ ಬಿಗಿಯಾಗಿ. ನಾನು ಹಿಂದೆ ನಿಂತು ತಳ್ಳಿದೆ. ಹಾಳು ಚೋಟು ಕಾರು ಕದಲಲಿಲ್ಲ. ಆಗ ನನ್ನ ಪಕ್ಕದಲ್ಲಿ ಇನ್ನೆರಡು ಕೈ ಬಂದವು. ಬಾನೆಟ್ಟಿನ ಬಿಸಿಗೆ ಅವಳ ಅಂಗೈ ಕೆಂಪಾಗಿತ್ತು. ಇಬ್ಬರೂ ಏದುಸಿರು ಬಿಡುತ್ತಾ ತಳ್ಳಿದೆವು.

ಏರಿನ ತುದಿಗೆ ಬಂದಾಗ ನಾನು ಅವಳ ಕೈ ಹಿಡಿದುಕೊಂಡೆ. ಏನು ಹೇಳಬೇಕೋ ತಿಳಿಯಲಿಲ್ಲ, ಬಾಯಿ ಅಭ್ಯಾಸಬಲದಿಂದ "ಬರ್ತೀನಮ್ಮಾ" ಎನ್ನಹೊರಟಿತು.

ಓಬಳಮ್ಮ ಥಟ್ಟನೆ ನನ್ನ ಬಾಯಿ ಮುಚ್ಚಿದಳು. "ಬೇಡ ತಾಯಿ. ನಂಗಿನ್ನೊಂದ್ಸಲ ಹೇಳೋಕಾಗಲ್ಲ. ಹೋಗ್ತೀನಿ ಅನ್ನು."

ಹುಟ್ಟಿದಾಗಿನಿಂದ ಯಾರ ಬಾಗಿಲಲ್ಲೂ ನಾನು ಆ ಮಾತು ಆಡಿದವಳಲ್ಲ. ಆಡಿದೆ, ಕಾರು ಹತ್ತಿದೆ. ಆಕೆ ತಲೆಯಾಡಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಇದ್ದ ಶಕ್ತಿಯೆಲ್ಲ ಹಾಕಿ ಕಾರನ್ನು ಇಳಿಜಾರಿಗೆ ನೂಕಿದಳು.