ತೋರಿಸುವ ಕೈ

"ಮಗು ಕೈಗೆ ಮುಲಾಮು ಹಚ್ಚೋದು ನಾಲ್ಕು ದಿನ ನಿಲ್ಸಿ, ಅಷ್ಟೇ. ಗುರುವಾರ ಸಾಹೇಬ್ರು ನೋಡ್ಕೊಂಡು ಹೋಗ್ಲಿ. ಆಮೇಲೆ ಬೇಕಾದಷ್ಟು ಹಚ್ಚಿ, ಬೇಡ ಅನ್ನೋರು ಯಾರು?" ಎಂದರು ಮೇಷ್ಟ್ರು.

ಇಸ್ತ್ರಿಯವಳು ಪೆಟ್ಟಿಗೆಯನ್ನು ಅಂಗಿಯ ಮೇಲೆಯೇ ಮರೆತಳು. ಸುಟ್ಟ ವಾಸನೆ ಬಂದಮೇಲೆ ಎತ್ತಿದಳು. ಹೆತ್ತ ತಾಯಿಯ ಎದುರು ಹೀಗೆ ಹೇಳಲು ಈ ಮನುಷ್ಯನಿಗೆ ನಾಲಿಗೆಯಾದರೂ ಹೇಗೆ ಬಂತು? ಹಾಗೆಂದು ಮೇಷ್ಟ್ರು ಕೆಟ್ಟವರೂ ಅಲ್ಲ. ಬಣ್ಣದ ಕಾರ್ಖಾನೆ ಬಾಗಿಲು ಹಾಕಿ ಹನ್ನೊಂದು ವರ್ಷವಾಗಿತ್ತು. ಹೊಳೆದಂಡೆಯಲ್ಲಿ ಬಿಟ್ಟುಹೋದ ಪೀಪಾಯಿಗಳು ತುಕ್ಕು ಹಿಡಿದು ಸೋರಿ, ಅಲ್ಲಿನ ಕೆಸರೆಲ್ಲ ನೇರಳೆಗೆ ತಿರುಗಿತ್ತು. ಅದನ್ನು ಎತ್ತಿಸಿ ದಂಡೆ ಶುದ್ಧ ಮಾಡಿಸಬೇಕೆಂದು ನಿವೃತ್ತಿಯಾದ ದಿನದಿಂದ ಕಚೇರಿ ಕಚೇರಿಗೆ ಚಪ್ಪಲಿ ಸವೆಸಿದವರು ಅವರೇ. ಅವರ ಅರ್ಜಿಗಳನ್ನು ಯಾರೂ ಮೂಸಿ ಕೂಡ ನೋಡಿರಲಿಲ್ಲ. ದಂಡೆಯಲ್ಲಿ ಆಡಿ ಬಂದ ಇವಳ ಎಂಟು ವರ್ಷದ ಮಗಳು, ಬೊಬ್ಬೆಯೆದ್ದ ಎರಡೂ ತೋಳುಗಳನ್ನು ಕೇರಿಯ ಸಭೆಯಲ್ಲಿ ಎತ್ತಿ ತೋರಿಸಿದ ಮೇಲೆಯೇ ಪತ್ರಿಕೆಯವರು ಬಂದದ್ದು, ಜಿಲ್ಲಾ ಕಚೇರಿಯ ಸಾಹೇಬರು ಬರುತ್ತೇನೆಂದದ್ದು.

ಈಗ ಆ ತೋಳುಗಳು ವಾಸಿಯಾಗುತ್ತಿದ್ದವು. ತಕರಾರು ಅದೇ.

"ನಿಮ್ಮ ಮೊಮ್ಮಗಳ ಕೈ ಆ ಕೆಸರಲ್ಲಿ ಅದ್ದಿ ತೋರ್ಸಿ ಮೇಷ್ಟ್ರೇ," ಎಂದು ಅವಳು ಮುಖಕ್ಕೆ ಹೊಡೆದ ಹಾಗೆ ಹೇಳಿದಳು.

ಮೇಷ್ಟ್ರು ಸಿಟ್ಟಾಗಲಿಲ್ಲ. ಕೇರಿಯಲ್ಲಿ ನಲವತ್ತು ಮಕ್ಕಳಿದ್ದಾವೆ, ಈ ಸಲ ಬಂದವರು ಬರಿಗೈಲಿ ಹೋದರೆ ಇನ್ನು ಹತ್ತು ವರ್ಷ ಇತ್ತ ತಲೆ ಹಾಕುವುದಿಲ್ಲ ಎಂದು ಗೊಣಗುತ್ತ ಎದ್ದುಹೋದರು. ಮೂಲೆಯಲ್ಲಿ ಕೂತು ದಿಂಬಿನ ಚೀಲ ಮಡಿಸುತ್ತಿದ್ದ ಮಗಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಪಾಪ, ಮೊದಲೆಲ್ಲ ಸಭೆಯಲ್ಲಿ ಅವಳಿಗೆ ಮುಂದಿನ ಕುರ್ಚಿ, ದೊಡ್ಡವರೆಲ್ಲ ಅವಳನ್ನೇ ಕರೆದು ಮಾತಾಡಿಸುವವರು. ಬೊಬ್ಬೆ ಒಣಗಿದ ಮೇಲೆ ಎರಡು ಸಭೆ ಕಳೆದರೂ ಒಬ್ಬರೂ ಕೇಳಿರಲಿಲ್ಲ.

"ನಾನಿನ್ನು ಬೇಡ್ವಾಮ್ಮ ಅವ್ರಿಗೆ?" ಎಂದಳು ಮಗಳು.

ಬೇಡದಿದ್ದರೆ ಪೀಡೆ ಹೋಯಿತು, ಸುಮ್ಮನೆ ಮುಲಾಮು ಹಚ್ಚಿಕೋ ಎಂದು ತಾಯಿ ಗದರಿದಳು. ಲಾಡ್ಜಿನ ಹೊದಿಕೆಗಳು ಗಂಟುಗಟ್ಟಲೆ ಬಂದು ಬಿದ್ದಿದ್ದವು, ಆ ವಾರ ಅವಳಿಗೆ ತಲೆ ತುರಿಸಿಕೊಳ್ಳಲೂ ಪುರಸೊತ್ತಿರಲಿಲ್ಲ. ಉದ್ದ ತೋಳಿನ ಅಂಗಿ ತೊಟ್ಟು ಓಡಾಡುತ್ತಿದ್ದ ಮಗಳನ್ನು ಕರೆದು ನೋಡಲಿಲ್ಲ.

ಗುರುವಾರ ಸಾಹೇಬರು ಬಂದರು. ಜೊತೆಗಿದ್ದವರು ಕೈಗವಸು ತೊಟ್ಟು ಕೆಸರನ್ನು ಬಾಟಲಿಗೆ ತುಂಬಿದರು. ಇದರ ವರದಿ ಬರಲು ವರ್ಷವಾದರೂ ಆದೀತು, ಅಷ್ಟರೊಳಗೆ ಕೆಲಸ ಶುರುವಾಗಬೇಕಾದರೆ ಈಗ ತೊಂದರೆಯಲ್ಲಿರುವವರು ಯಾರಾದರೂ ಬೇಕು ಎಂದರು ಸಾಹೇಬರು. ಮೇಷ್ಟ್ರು ಹಳೆಯ ಫೋಟೋ ಚಾಚಿದರು. ಸಾಹೇಬರು ಅದನ್ನು ಹಾಗೇ ಹಿಂದಕ್ಕೆ ಕೊಟ್ಟರು.

ಆಗ ಗುಂಪಿನ ನಡುವೆ ನುಸುಳಿ ಮಗಳು ಮುಂದೆ ಬಂದು, ಬಲತೋಳಿನ ಅಂಗಿ ಮೇಲೆ ಸರಿಸಿದಳು. ಮೊದಲಿಗಿಂತ ಘೋರವಾಗಿತ್ತು. ಚರ್ಮ ಸುಲಿದು ಕೀವು ಇಳಿಯುತ್ತಿತ್ತು. ಸಾಹೇಬರು ಒಂದು ಹೆಜ್ಜೆ ಹಿಂದೆ ಸರಿದರು. ಮೇಷ್ಟ್ರು ತಾಯಿಯತ್ತ ತಿರುಗಿ, ಕಣ್ಣು ತುಂಬಿಕೊಂಡು ಕೈ ಮುಗಿದರು.

ತಾಯಿ ಮಗಳನ್ನು ಬರಸೆಳೆದು ಏನೇ ಇದು ಎಂದು ಪಿಸುಗುಟ್ಟಿದಳು.

"ಮೂರು ದಿನ ಕೆಸರಲ್ಲಿ ಕೈ ಇಟ್ಕೊಂಡು ಕೂತಿದ್ದೆ," ಎಂದಳು ಮಗಳು ಅವಳ ಕಿವಿಯಲ್ಲಿ. "ಚೆನ್ನಾಗಿ ಬಂದಿದೆ ಅಲ್ವಾಮ್ಮ?"

ಸಾಹೇಬರು ಪೆನ್ನು ತೆಗೆದು ತಾಯಿಯತ್ತ ತಿರುಗಿದ್ದರು. "ಔಷಧ ಹಚ್ಚಿದ್ರೂ ವಾಸಿ ಆಗ್ಲಿಲ್ವೇನಮ್ಮ?"

ಮೇಷ್ಟ್ರ ಮುಖಕ್ಕೆ ಉಗಿಯಬೇಕು, ಮಗಳ ಕೆನ್ನೆಗೆ ಬಾರಿಸಬೇಕು, ಆಮೇಲೆ ಅಪ್ಪಿಕೊಂಡು ಗೋಳೋ ಎಂದು ಅಳಬೇಕು ಎನ್ನಿಸಿತು ಅವಳಿಗೆ. ಇಡೀ ಕೇರಿ ಅವಳ ಬಾಯನ್ನೇ ನೋಡುತ್ತಿತ್ತು. ನಿಜ ಹೇಳಿದರೆ ಎಲ್ಲರೂ ಮೋಸಗಾರರಾಗುತ್ತಾರೆ. ಮಗು ಪಟ್ಟ ಪಾಡೂ ದಂಡವಾಗುತ್ತದೆ.

"ಇಲ್ಲ ಸ್ವಾಮಿ, ಒಂದಿನಾನೂ ವಾಸಿ ಆಗಿಲ್ಲ," ಎಂದಳು.

ಸಾಹೇಬರು ಬರೆದುಕೊಂಡರು. ಹಿಂದೆ ಯಾರೋ ಚಪ್ಪಾಳೆ ತಟ್ಟಿದರು. ಮಗಳು ಯಾರೂ ಕೇಳದಿದ್ದರೂ ಎಡತೋಳಿನ ಅಂಗಿಯನ್ನೂ ಮೇಲೆ ಸರಿಸತೊಡಗಿದಳು. ಬಟ್ಟೆ ಹಸಿಗಾಯಕ್ಕೆ ಅಂಟಿಕೊಂಡಿತ್ತು. ಅವಳು ಹಲ್ಲು ಕಚ್ಚಿ, ನಗುತ್ತಲೇ ಎಳೆದಳು.