ತಳದ ಚಹಾ ಕುಡಿದ ಬಳ್ಳಿ

ನಾನು ಕಳವಿನ ಮಾಲು. ಮನಿ ಪ್ಲಾಂಟ್ ಜಾತಿಯಲ್ಲಿ ಇದಕ್ಕೆ ನಾಚಿಕೆಪಡುವ ರೂಢಿಯಿಲ್ಲ. ಕೇಳಿ ತಂದದ್ದು ಬದುಕುವುದಿಲ್ಲ, ಕದ್ದು ತಂದದ್ದೇ ಹಬ್ಬುತ್ತದೆ ಎಂದು ಜನ ನಂಬಿದ್ದಾರೆ. ಗದಗಿನ ಒಂದು ಬ್ಯಾಂಕಿನ ಜಗಲಿಯಲ್ಲಿ ತಾಯಿಬಳ್ಳಿಗೆ ಅಂಟಿಕೊಂಡು ನೆಮ್ಮದಿಯಾಗಿದ್ದ ನನ್ನನ್ನು ಟೇಲರ್ ಪಾಂಡುರಂಗ ಚಿವುಟಿ ಜೇಬಿಗಿಳಿಸಿದ. ಅದೇ ನನ್ನ ಹುಟ್ಟು.

ಅವನ ಅಂಗಡಿಯೆಂದರೆ ಮನೆಯ ಮುಂದಿನ ಕೋಣೆ. ಎರಡು ಹೊಲಿಗೆ ಮಷೀನು. ಒಂದರ ಮುಂದೆ ಅವನು, ಇನ್ನೊಂದರ ಮುಂದೆ ಹೆಂಡತಿ ಕುಸುಮಾಬಾಯಿ. ಮಕ್ಕಳಿರಲಿಲ್ಲ. ನಾನಿದ್ದೆ. ನಾನು ಉದ್ದವಾದಂತೆಲ್ಲ ಗೋಡೆಗೆ ಮೊಳೆ ಹೊಡೆದು ರೀಲಿನ ದಾರದಿಂದ ಕಟ್ಟುತ್ತಿದ್ದ. ಬಳ್ಳಿ ಕೆಳಗಿಳಿದರೆ ಮನೆಯ ಸಿರಿಯೂ ಇಳಿಯುತ್ತದಂತೆ. ಆಗಾಗ ಕೊರಳ ಟೇಪು ತೆಗೆದು ಅಳೆದು, "ಕುಸುಮಾ, ನಿನ್ನ ಸೀರಿಗಿಂತ ಉದ್ದ ಆಗೇತಿ ನೋಡು" ಎನ್ನುತ್ತಿದ್ದ. ಸಿರಿಯೇನೂ ಬರಲಿಲ್ಲ. ಅದಕ್ಕಾಗಿ ನನ್ನನ್ನು ಯಾರೂ ಬೈಯಲೂ ಇಲ್ಲ.

ಬೆಳಿಗ್ಗೆ ಚಹಾ ಕುಡಿದು ತಳದ ಒಂದು ಗುಟುಕನ್ನು ನನ್ನ ಕುಂಡಕ್ಕೆ ಸುರಿಯುತ್ತಿದ್ದ. "ತಗೋ, ನಿಂದೂ ಆತು." ಅದರಿಂದ ನನಗೆ ಲಾಭವೂ ಇರಲಿಲ್ಲ, ನಷ್ಟವೂ ಇರಲಿಲ್ಲ. ಆದರೂ ಕಾಯುತ್ತಿದ್ದೆ.

ಒಂದು ಶ್ರಾವಣದಲ್ಲಿ ಎದೆನೋವೆಂದು ಆಸ್ಪತ್ರೆಗೆ ಹೋದವನು ಜೀವಂತ ಮರಳಲಿಲ್ಲ. ಕಾರ್ಯ ಮುಗಿಸಿ ನೆಂಟರು ಹೊರಟುಹೋದರು. ಎರಡು ಮಷೀನಿನ ಸದ್ದಿನಲ್ಲಿ ಬೆಳೆದ ನನಗೆ ಒಂದೇ ಮಷೀನಿನ ಸದ್ದು ಕೇಳುವುದು ಬಹಳ ಕಷ್ಟವಾಯಿತು.

ಕುಸುಮಾಬಾಯಿಯ ಕೈ ಮಾತ್ರ ಹಳೆಯ ರೂಢಿ ಬಿಡಲಿಲ್ಲ. ಬೆಳಿಗ್ಗೆ ಎರಡು ಕಪ್ ಚಹಾ ಮಾಡುತ್ತಿದ್ದಳು. ಒಂದನ್ನು ತಾನು ಕುಡಿಯುತ್ತಿದ್ದಳು. ಇನ್ನೊಂದು ಅವನ ಮಷೀನಿನ ಮೇಲೆ ಕೂತು ಆರುತ್ತಿತ್ತು. ಚೆಲ್ಲಲು ಮನಸ್ಸು ಬಾರದೆ ಪೂರ್ತಿ ಕಪ್ಪನ್ನು ನನಗೆ ಸುರಿಯುತ್ತಿದ್ದಳು, ಹಾಲು, ಸಕ್ಕರೆ, ಶುಂಠಿ ಸಮೇತ. ಅದು ನನಗೆಂದು ಮಾಡಿದ್ದಲ್ಲ, ಗೊತ್ತಿತ್ತು. ಬೇಡ ಎನ್ನಲು ಬಾಯಿಲ್ಲ.

ಇರುವೆ ಮುತ್ತಿದವು. ಮಣ್ಣು ಹುಳಿನಾತ ಹೊಡೆಯಿತು, ಬೇರು ಕೊಳೆಯತೊಡಗಿತು. ಎಲೆ ಒಂದೊಂದೇ ಹಳದಿಯಾಗಿ ಉದುರಿ, ಕೋಣೆ ಸುತ್ತಿದ ಬರಿಯ ದಂಟಿನ ತುದಿಯಲ್ಲಿ ಎರಡೇ ಉಳಿದವು. ಅವಳು ಹೆದರಿ ಇನ್ನಷ್ಟು ನೀರು ಹಾಕಿದಳು. "ನೀನೂ ಹೊಂಟಿಯೇನು?" ಎಂದು ಒಂದು ದಿನ ದಂಟು ಹಿಡಿದು ಕೇಳಿದಳು. ಹೋಗುವ ಮನಸ್ಸು ನನಗೂ ಇರಲಿಲ್ಲ.

ಬಾಗಲಕೋಟೆಯಿಂದ ತಂಗಿ ಯಮುನಾ ಬಂದಳು. ಬಂದವಳೇ ಕುಂಡದ ಹತ್ತಿರ ಮೂಗು ಮುಚ್ಚಿಕೊಂಡಳು.

"ಅಕ್ಕಾ, ಇದಕ್ಕ ಏನ್ ಹಾಕ್ತಿ?"

"ಚಹಾ."

"ಯಾರ ಚಹಾ?"

ಕುಸುಮಾಬಾಯಿ ಅವನ ಮಷೀನಿನ ಕಡೆ ನೋಡಿದಳು. ಯಮುನಾ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದಳು, "ಭಾವಗಂತ ಮಾಡಿದ್ದು ಇದು ಕುಡದು ಸಾಯಾಕತ್ತೈತಿ. ಬುಡದಾಗ ಇನ್ನೂ ಹಸರೈತಿ. ಮ್ಯಾಲಿಂದೆಲ್ಲಾ ಕತ್ತರಿಸಿ ಬ್ಯಾರೆ ಮಣ್ಣಿಗೆ ಹಚ್ಚು. ಉಳದರೂ ಉಳೀತೈತಿ."

"ಅವರು ಕಟ್ಟಿದ್ದು ಅದು."

"ಸಾಯ್ಲಿ ಅಂತ ಕಟ್ಟಿದ್ರೇನು?"

ಯಮುನಾ ಅಡುಗೆಮನೆಯಿಂದ ಚಾಕು ತಂದಳು. ಕುಸುಮಾಬಾಯಿ ತಡೆದು, ಟ್ರಂಕಿನಿಂದ ಅವನ ಕತ್ತರಿ ತೆಗೆದಳು. ಬಟ್ಟೆ ಬಿಟ್ಟು ಬೇರೇನನ್ನೂ ಅದಕ್ಕೆ ತೋರಿಸುವಂತಿರಲಿಲ್ಲ. ಹಿಂದೊಮ್ಮೆ ಅವಳು ಅದರಲ್ಲಿ ಕಾಗದ ಕತ್ತರಿಸಿದ್ದಕ್ಕೆ ಅವನು ಇಡೀ ಸಂಜೆ ಮಾತು ಬಿಟ್ಟಿದ್ದ. ಬ್ಲೌಸ್ ಪೀಸಿಗೆ ಹಾಕುವಂತೆ ನನ್ನ ಬುಡದ ಮೇಲೆ ಸೀಮೆಸುಣ್ಣದ ಗುರುತು ಹಾಕಿದಳು. "ತಪ್ಪು ತಿಳೀಬ್ಯಾಡ್ರಿ" ಎಂದಳು. ಅದೂ ನನಗೆ ಹೇಳಿದ್ದಲ್ಲ. ಕತ್ತರಿಸಿದಳು. ನೋವಾಯಿತು.

ಗೋಡೆಯ ದಾರಗಳನ್ನು ಹರಿಯದೆ, ಒಂದೊಂದೇ ಗಂಟು ಬಿಚ್ಚಿ ಬಳ್ಳಿ ಇಳಿಸಿದಳು. ಎರಡೆಲೆಯ ತುದಿಯನ್ನು ಯಮುನಾ ಚೀಲಕ್ಕೆ ಹಾಕಿಕೊಳ್ಳುವಾಗ ಕುಸುಮಾಬಾಯಿ ಕಾಣದವಳಂತೆ ಕಿಟಕಿಯ ಕಡೆ ಮುಖ ತಿರುಗಿಸಿ ನಿಂತಳು. ಕಳವು ಕಳವಿನ ಹಾಗೇ ಆಗಬೇಕಲ್ಲ.

ಕೊಳೆತ ಬೇರು ಸವರಿ ತೆಗೆದು, ನನ್ನ ಬುಡವನ್ನು ಕೆಂಪುಮಣ್ಣಿನ ಹೊಸ ಕುಂಡಕ್ಕೆ ಹಚ್ಚಿ ಕಿಟಕಿಯಲ್ಲಿಟ್ಟಳು. ಚಹಾ ನಿಂತಿತು. ಬೆರಳಿನಿಂದ ಮಣ್ಣು ಮುಟ್ಟಿ, ಒಣಗಿದ್ದರಷ್ಟೇ ನೀರು. ಎಲೆಯಿಲ್ಲದ ಮೋಟು ನಾನು, ಮಾತಿಲ್ಲದ ಅವಳು. ಆ ದಿನಗಳಷ್ಟು ಒಂಟಿಯಾಗಿ ನಾನೆಂದೂ ಇರಲಿಲ್ಲ. ದೀಪಾವಳಿ ಕಳೆದ ಮೇಲೆ ನನ್ನ ಗಿಣ್ಣಿನಲ್ಲಿ ಸೂಜಿಮೊನೆಯಷ್ಟು ಹಸಿರು ಮೂಡಿತು. ಅವಳು ತಂಗಿಗೆ ಫೋನ್ ಮಾಡಿ "ಬಂತು" ಎಂದಷ್ಟೇ ಹೇಳಿ ಅತ್ತಳು.

ಈಗ ನನಗೆ ವಯಸ್ಸಾಗಿದೆ, ಎಲೆಗಳು ಮಾತ್ರ ಹೊಸವು. ಮೊದಲ ಮೊಳೆಯ ತನಕವೂ ಇನ್ನೂ ಏರಿಲ್ಲ. ಅವಳು ಮೊಳೆ ಕೀಳುವುದೂ ಇಲ್ಲ, ನನ್ನನ್ನು ಕಟ್ಟುವುದೂ ಇಲ್ಲ. ಬಾಗಲಕೋಟೆಯಲ್ಲಿ ನನ್ನ ತುದಿ ಕಿಟಕಿಯ ಸರಳು ಹತ್ತಿದೆಯಂತೆ. ನನ್ನದೇ ಮೈ, ನನಗೇ ಕಾಣದು.

ಮೊನ್ನೆ ಕೈತಪ್ಪಿ ಮತ್ತೆ ಎರಡು ಕಪ್ ಚಹಾ ಮಾಡಿದಳು. ಎರಡನೆಯದನ್ನು ಹಿಡಿದು ನನ್ನ ಬಳಿ ಬಂದು ಬಹಳ ಹೊತ್ತು ನಿಂತಳು. ಆಮೇಲೆ ಅವನ ಮಷೀನಿನ ಮುಂದೆ ಕೂತು ತಾನೇ ಕುಡಿದಳು. ಪೂರ್ತಿ ಆರಿಹೋಗಿತ್ತು. ತಳದ ಗುಟುಕನ್ನೂ ಉಳಿಸಲಿಲ್ಲ. ಸುಳ್ಳೇಕೆ ಹೇಳಲಿ, ನನಗೆ ಸ್ವಲ್ಪ ಆಸೆಯಾಗಿತ್ತು.