ಅಕ್ಕ ತಂಗಿ ಗಂಟೆಯ ನಡುಕ

ಹೂವಿಲ್ಲದಿದ್ದರೂ ನಡೆದೀತು, ಹಣ್ಣಿಲ್ಲದಿದ್ದರೂ ನಡೆದೀತು. ಪಾಲಕೋಡಿನ ಆಚೆಯ ಆ ಕುರುಬರ ಹಟ್ಟಿಯಲ್ಲಿ ಅಕ್ಕ, ತಂಗಿ ಎಂಬ ಎರಡು ಕಂಚಿನ ಗಂಟೆಗಳು ಒಟ್ಟಿಗೆ ನುಡಿಯದೆ ಬೀರಪ್ಪನಿಗೆ ಪೂಜೆಯಿಲ್ಲ. ಅಕ್ಕನ ನಾದಕ್ಕಿಂತ ತಂಗಿಯದು ಶ್ರುತಿಯಲ್ಲಿ ಕೂದಲೆಳೆಯಷ್ಟು ಮೇಲು. ಬೇರೆಬೇರೆ ಬಾರಿಸಿದರೆ ಎರಡೂ ಒಂದೇ ಎಂದು ಕಿವಿ ಮೋಸಹೋಗುತ್ತದೆ. ಒಟ್ಟಿಗೆ ಬಾರಿಸಿದರೆ ಮಾತ್ರ ನಾದಕ್ಕೆ ಜೀವ ಬಂದು, ಅಲೆಅಲೆಯಾಗಿ ನಡುಗುತ್ತದೆ. ಆ ನಡುಕ ಇರುವಷ್ಟು ಹೊತ್ತು ದೇವರು ಕಿವಿಗೊಟ್ಟಿರುತ್ತಾನೆ. ಕೇಳಬೇಕಾದ್ದನ್ನು ಅಷ್ಟರೊಳಗೆ ಕೇಳಿಬಿಡಬೇಕು.

ಆ ಸೋಮವಾರ ಯಲ್ಲಮ್ಮನಿಗೆ ಕೇಳಲೇಬೇಕಾದ್ದು ಒಂದಿತ್ತು. ಮಗಳು ಶಿವಲಕ್ಷ್ಮಿಗೆ ದಿನ ತುಂಬಿತ್ತು. ಆಸ್ಪತ್ರೆಗೆ ಕರೆದೊಯ್ಯಲು ಆಟೋ ಬಂದು ನಿಂತಿತ್ತು. ಯಲ್ಲಮ್ಮ ಬೀರಪ್ಪನ ಗುಡಿಯೊಳಗೆ ಸುತ್ತಿಟ್ಟ ಕಂಬಳಿ ಬಿಚ್ಚಿ, ಗಂಟೆಗಳನ್ನು ತೆಗೆದು ಬಾರಿಸಿದಳು.

ನಾದ ಎಳೆದ ತಂತಿಯಂತೆ ನೆಟ್ಟಗೆ ಹೋಯಿತು. ನಡುಕವೇ ಇಲ್ಲ. ಮತ್ತೆ ಬಾರಿಸಿದಳು. ಇಲ್ಲ. ತಂಗಿಯ ಬಾಯೊಳಗೆ ಬೆರಳಾಡಿಸಿದರೆ ಹೊಸದಾಗಿ ಉಜ್ಜಿದ ತರಿ.

“ಯಾವನ್ಲಾ ಇವಳ ಮೈ ಮುಟ್ಟಿದ್ದು?”

ಮೈದುನ ರಾಜಕುಮಾರ್ ನಗುನಗುತ್ತಲೇ ಮುಂದೆ ಬಂದ. ಸೇಲಂನಲ್ಲಿ ಕೊಲುಸು ಎನ್ನುವ ಬೆಳ್ಳಿ ಕಾಲುಗೆಜ್ಜೆ ಮಾಡುವ ಕೆಲಸ ಅವನದು. ಭಜನೆಗೆಂದು ಈ ಸಲ ಕೀಬೋರ್ಡನ್ನೂ ಹೊತ್ತು ತಂದಿದ್ದ. “ನಾನೇ ಅತ್ಗೆ. ಅಕ್ಕ ಕೀಬೋರ್ಡಿಗೆ ಕರೆಕ್ಟಾ ಕೂಡ್ತಿತ್ತು, ತಂಗಿ ಒಸಿ ಮೇಲಕ್ಕೆ ಓಡ್ತಿತ್ತು. ಒಳಗೆ ಅರ ಆಕಿ ಉಜ್ಜಿದೆ. ಫೋನ್‌ನಾಗೆ ಸುತಿ ನೋಡೋ ಮುಳ್ಳು ಹಸಿರಿಗೆ ಬಂದು ನಿಂತ್ಕತು. ಸೂಪರಾ ಐತಲ್ಲ?”

“ನಿನ್ನ ಯಾರು ಕೇಳಿದ್ರು?”

“ಜೋಡಿ ಅಂದ್ಮೇಲೆ ಎಲ್ಡೂ ಒಂದೇ ತರ ಇರ್ಬೇಕಲ್ಲ? ಕೊಲುಸು ಒಂದು ಒಂಚೂರು ಬೇರೆ ಗಲ್ ಅಂದ್ರೂ ನಮ್ಮ ಓನರ್ ಮುಖಕ್ಕೆ ಎಸೀತಾನೆ.”

“ಗಂಡ ಎಂಡ್ತೀನೂ ಜೋಡೀನೇ. ಓಗು, ನಿನ್ನ ಎಂಡ್ತಿ ಮೂಗಿಗೂ ಅರ ಆಕು, ನಿನ್ನ ಮೂಗಿನ ಅಳತೆಗೆ ಬರ್ಲಿ!”

ಪೂಜೆಗೆ ಬಂದು ಹಿಂದೆ ಕೂತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಯಲ್ಲಮ್ಮನ ಮುಖ ಕೆಂಡವಾಗಿತ್ತು.

“ನಿನ್ನ ಕೀಬೋರ್ಡ್ ಪೆಟ್ಟಿಗೇನಾಗೆ ಒಂದು ಮನೆ ಮುಗುದ್ರೆ ಇನ್ನೊಂದು ಮನೆ. ನಡುವೆ ಇರೋರು ಎಲ್ಲಿಗೋಗ್ಬೇಕು? ಇವಳು ನಡುವೆ ಇದ್ಲು ಕಣೋ. ಜಾಗ ಇಲ್ಲ ಅಂತ ಕೊಂದ್ಬುಟ್ಯಲ್ಲೋ!”

ಹೊರಗೆ ಆಟೋ ಹಾರನ್ ಹೊಡೆಯಿತು. ಬಾಗಿಲಲ್ಲಿ ಸೊಂಟ ಹಿಡಿದು ನಿಂತಿದ್ದ ಶಿವಲಕ್ಷ್ಮಿ, “ಪರವಾಯಿಲ್ಲಮ್ಮಾ, ಅಂಗೇ ಕೇಳ್ಕೋ. ಲೇಟಾಯ್ತು,” ಎಂದಳು.

“ಕಿವಿ ಮುಚ್ಕಂಡೋನ ಮುಂದೆ ಏನು ಕೇಳ್ಲಿ?”

ಉಜ್ಜಿದಷ್ಟೂ ನಾದ ಇಳಿಯುತ್ತದೆ, ಉಜ್ಜಿದ ಕಂಚು ಮತ್ತೆ ಬೆಳೆಯುವುದಿಲ್ಲ. ಕೆಳಗಿಳಿದ ತಂಗಿ ಇನ್ನು ಮೇಲೇರಳು. ಹಾಗಾದರೆ ಅಕ್ಕನೇ ಇಳಿಯಬೇಕು. ಯಲ್ಲಮ್ಮ ಕೈ ಚಾಚಿದಳು. “ತತ್ತಾ ಅರ.”

ರಾಜಕುಮಾರನ ನಗು ಆರಿತು. “ಬ್ಯಾಡ ಅತ್ಗೆ, ಇರೀಕರ ಗಂಟೆ. ದೇವರ ಅತ್ರ ಹೂ ಕೇಳಿ, ಅಪ್ಪಣೆ ಆದ್ಮೇಲೆ...”

“ನೀನು ಉಜ್ಜುವಾಗ ಯಾವ ಹೂ ಬಿದ್ದಿತ್ತು?”

ಅವನು ಅರ ಕೊಟ್ಟ. ಅವಳು ನೆಲಕ್ಕೆ ಕುಕ್ಕರಿಸಿ, ಅಕ್ಕನನ್ನು ಮಂಡಿಯ ನಡುವೆ ಒತ್ತಿ ಹಿಡಿದು ಉಜ್ಜತೊಡಗಿದಳು. ಉಜ್ಜುವುದು, ಬಾರಿಸುವುದು, ಮತ್ತೆ ಉಜ್ಜುವುದು. ಮಡಿಲಿಗೆ ಕಂಚಿನ ಪುಡಿ ಉದುರಿತು. ಎಷ್ಟೋ ಹೊತ್ತಿಗೆ ನಾದ ಅಲುಗಿತು. ಹಳೆಯ ನಡೆ ಬರುವಷ್ಟರಲ್ಲಿ ಕೈ ನಿಲ್ಲಿಸಬೇಕಿತ್ತು. ಸಿಟ್ಟಿನ ಕೈ, ಇನ್ನೊಂದು ಎಳೆತ ಎಳೆದುಬಿಟ್ಟಿತು. ಮುಂಚಿನ ನಡುಕ ನೆರಳಲ್ಲಿ ಮೆಲುಕು ಹಾಕುವ ಕುರಿಯ ದವಡೆಯಂತೆ ನಿಧಾನ. ಈಗಿನದು ಬಿಸಿಲಲ್ಲಿ ಏದುವ ಕುರಿಯ ಪಕ್ಕೆಯಂತೆ.

ತಂಗಿಯನ್ನು ಇನ್ನೊಂದಿಷ್ಟು ಉಜ್ಜಿದರೆ ಸರಿಹೋದೀತು. ಅರ ಅತ್ತ ಹೋಯಿತು, ಅಲ್ಲೇ ನಿಂತಿತು. ಹೀಗೆ ಒಬ್ಬಳಾದ ಮೇಲೆ ಒಬ್ಬಳನ್ನು ಸವೆಸುತ್ತಾ ಹೋದರೆ ಉಳಿಯುವುದೇನು?

ಅರವನ್ನು ಬಿಸಾಡಿ, ಎದ್ದು, ಎರಡನ್ನೂ ಬಾರಿಸಿದಳು. ನಾದದ ಆ ಏದುಸಿರಿನೊಳಗೆ ಉದ್ದದ ಪ್ರಾರ್ಥನೆ ಹಿಡಿಯಲಿಲ್ಲ.

“ಎಲ್ಡು ಜೀವ ಬ್ಯಾರೆ ಮಾಡು, ಎಲ್ಡನ್ನೂ ಉಳಿಸು ನಮ್ಮಪ್ಪಾ!”

ಬೇಡಿದಂತಿರಲಿಲ್ಲ, ಗದರಿದಂತಿತ್ತು. ರಾಜಕುಮಾರ್ ಪಕ್ಕಕ್ಕೆ ಬಂದು ಕೈ ಮುಗಿಯಹೊರಟ.

“ನೀನು ಆಚೆ ನಿಂತ್ಕೋ,” ಎಂದಳು ಯಲ್ಲಮ್ಮ, ತಿರುಗಿಯೂ ನೋಡದೆ.